ಒಂದು ಸ್ಟೂಲು ಜಾಸ್ತಿ

ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಂದು ಸ್ಟೂಲು ಜಾಸ್ತಿ ಇದೆ. ಮೂರು ದಿನದಿಂದ ನನ್ನ ನಿದ್ದೆ ಕೆಡಿಸಿರುವುದು ಇದೇ.

ಕಮ್ಮಿ ಬಂದಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಮ್ಮಿಗೆ ನೂರು ದಾರಿ. ಕಾಲು ಮುರಿದಿದೆ, ಗೆದ್ದಲು ತಿಂದಿದೆ, ಪರೀಕ್ಷೆಗೆಂದು ಪಕ್ಕದ ಬ್ಲಾಕಿಗೆ ಹೋದದ್ದು ವಾಪಸ್ ಬಂದಿಲ್ಲ. ಯಾವುದನ್ನು ಬರೆದರೂ ನಡೆಯುತ್ತದೆ. ಕಳೆದುಕೊಳ್ಳುವುದನ್ನು ಸರ್ಕಾರವೇ ಒಪ್ಪಿಕೊಂಡಿದೆ ಕಣ್ರೀ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನೇ ನೋಡಿ. ಲೈಬ್ರರಿಯಲ್ಲಿ ವರ್ಷಕ್ಕೆ ಓದುಗರ ಕೈಗೆ ಹೋದ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ, ಅದರ ಹಿಂದೆ ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇರಬಾರದು ಅಷ್ಟೇ. ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಆದರೆ ನಮ್ಮ ಫಾರಮ್ಮಿನಲ್ಲಿ 'ಕೊರತೆ' ಅಂತ ಒಂದು ಕಾಲಂ ಇದೆ, 'ಹೆಚ್ಚುವರಿ' ಅಂತ ಇಲ್ಲ. ಕಾಲೇಜಿನ ವಸ್ತು ಕಾಣೆಯಾಗಬಹುದು, ಹುಟ್ಟಬಾರದು.

ನಾನು ಕನ್ನಡ ಮೇಷ್ಟ್ರು. ಸ್ಟೂಲಿಗೂ ನನಗೂ ಏನು ಸಂಬಂಧ ಅನ್ನಬಹುದು. ಮಾರ್ಚ್ ಬಂದರೆ ನಮ್ಮಲ್ಲಿ ಒಂದು ವಿಭಾಗದ ದಾಸ್ತಾನನ್ನು ಇನ್ನೊಂದು ವಿಭಾಗದವರು ಎಣಿಸಬೇಕು. ಬುರೆಟ್ ಯಾವುದು, ಪಿಪೆಟ್ ಯಾವುದು ಅಂತ ಗೊತ್ತಿರುವವನು ಎಣಿಸಿದರೆ ಮೋಸ ಮಾಡಿಯಾನು, ಗೊತ್ತಿಲ್ಲದವನಿಗೆ ಮೋಸ ಮಾಡುವುದಕ್ಕೂ ಬರುವುದಿಲ್ಲ, ಇದು ಅದರ ಹಿಂದಿನ ತರ್ಕ. ಹಾಗಾಗಿ ಪಂಪ, ರನ್ನ ಅಂತ ಇದ್ದವನು ವರ್ಷಕ್ಕೆ ಒಂದು ವಾರ ಗಾಜಿನ ಕೊಳವೆ ಎಣಿಸುತ್ತೇನೆ. ಈ ಸಲ ಎರಡೆರಡು ಕೆಲಸ: ಹಳೇ ಕೆಂಪು ರಟ್ಟಿನ ರಿಜಿಸ್ಟರಿನಲ್ಲೂ ಬರೆಯಬೇಕು, ಹೊಸ ಸಾಫ್ಟ್‌ವೇರಿಗೂ ತುಂಬಬೇಕು. ಕೊನೆಗೆ ಕೈಲೆಕ್ಕ ಮೇಲೋ ಕಂಪ್ಯೂಟರ್ ಮೇಲೋ ಅಂತ ಒಂದು ಪುಟ ಬರೆದುಕೊಡಿ, ನೀವು ಹೇಗೂ ಬರೆಯುವವರು, ಅಂದರು ಪ್ರಿನ್ಸಿಪಾಲರು. ಅದನ್ನು ಬರೆಯೋಣ ಅಂತಲೇ ಈಗ ಕೂತದ್ದು.

ಕಂಪ್ಯೂಟರಿಗೆ ತುಂಬಲು ಕಂಪ್ಯೂಟರ್ ಸೈನ್ಸಿನ ಹುಡುಗನೊಬ್ಬನನ್ನು ಕೊಟ್ಟಿದ್ದರು. ಹೊಸದಾಗಿ ಸೇರಿದ ಲೆಕ್ಚರರ್, ಒಳ್ಳೆಯವನು, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಟೋರ್ ರೂಮಿನ ಹೊಸ್ತಿಲಲ್ಲಿ ಕೂತ. ಒಳಗೆ ಅಟೆಂಡರ್ರು ಹತ್ತೇ ಹತ್ತು ಬೆರಳಲ್ಲಿ ಬುರೆಟ್ ಎತ್ತಿ ಎತ್ತಿ ಈ ಕಪಾಟಿನಿಂದ ಆ ಕಪಾಟಿಗೆ ಇಡುತ್ತ ಶುರು ಮಾಡಿದರು: "ಲಾಭ... ಎರಡು... ಮೂರು..."

ಹುಡುಗ ತಲೆ ಎತ್ತಿದ. "ಸಾರ್, ಲಾಭ ಅನ್ನೋದು ಯಾವ ಐಟಂ? ಲಿಸ್ಟಲ್ಲಿ ಇಲ್ಲ."

ನನಗೆ ನಗು ಬರಬೇಕಿತ್ತು. ಬದಲಿಗೆ ಅಜ್ಜನ ಕಣ ಕಣ್ಣ ಮುಂದೆ ಬಂತು. ಅಜ್ಜ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅಂತ ಅಂದವರೇ ಅಲ್ಲ. ಲಾಭ. ಆಮೇಲೆ ಎರಡು. ಅಳೆಯುತ್ತಿರುವಾಗ ಯಾರೂ ಮಾತಾಡಿಸಬಾರದು, ಆದರೆ ಮಾತಾಡಿಸದೆ ಬಿಡುವ ಮನೆ ನಮ್ಮದಲ್ಲ. ಅಜ್ಜಿ ಬಂದು ಕಾಫಿ ಅಲ್ಲಿಗೇ ತರಲೋ ಅನ್ನೋರು, ಯಾವುದೋ ಎಮ್ಮೆ ಹಗ್ಗ ಬಿಚ್ಚಿಕೊಂಡು ಬರೋದು. ಅದಕ್ಕೆ ಅಜ್ಜನದೊಂದು ಉಪಾಯ ಇತ್ತು. ಮುಂದಿನ ಕೊಳಗ ತುಂಬುವವರೆಗೂ ಹಿಂದಿನ ಅಂಕಿಯನ್ನೇ ರಾಗವಾಗಿ ಎಳೆಯುತ್ತಿದ್ದರು. ಹದಿನಾಲ್ಕೂ... ಹದಿನಾಲ್ಕೂ... ಹದಿನಾಲ್ಕೂ... ಅದೇ ರಾಗದಲ್ಲಿ ಕಾಫಿಗೆ ಕೈ ಸನ್ನೆ, ಎಮ್ಮೆಗೆ ಒಂದು ಕಲ್ಲು. ಕೊಳಗ ತುಂಬಿ, ಮೇಲೆ ಅಂಗೈ ಆಡಿಸಿ, ಚೀಲಕ್ಕೆ ಸುರಿದಾಗ ಮಾತ್ರ ಹದಿನೈದೂ. ಇಪ್ಪತ್ತಾದರೆ ಒಂದು ಖಂಡುಗ, ಪಕ್ಕದಲ್ಲಿ ಸಗಣಿ ಸಾರಿಸಿದ ಜಾಗದಲ್ಲಿ ಒಂದು ಚಿಟಿಕೆ ಭತ್ತದ ಪುಟ್ಟ ಗುಡ್ಡೆ. ಮತ್ತೆ ಲಾಭದಿಂದ ಶುರು. ಸಂಜೆ ಆ ಗುಡ್ಡೆಗಳನ್ನು ಎಣಿಸಿದರೆ ಲೆಕ್ಕ ಮುಗಿಯಿತು. ಒಂದು ಸಲ ನಾನು, ಐದು ವರ್ಷದವನು, ಆ ಗುಡ್ಡೆಗಳಲ್ಲಿ ಎರಡನ್ನು ಗುಬ್ಬಿಗೆ ಹಾಕಿಬಿಟ್ಟೆ. ನಲವತ್ತು ಕೊಳಗ ಭತ್ತ ಗುಬ್ಬಿ ತಿಂದ ಹಾಗಾಯಿತು. ಅಜ್ಜ ಬೈಯಲಿಲ್ಲ, ಎರಡು ಚಿಟಿಕೆ ಭತ್ತ ತಂದು ಮತ್ತೆ ಇಟ್ಟರು, ಯಾಕೆಂದರೆ ಎಷ್ಟಾಗಿತ್ತು ಅಂತ ಅವರಿಗೆ ಹೇಗೂ ಗೊತ್ತಿತ್ತು. ಹಾಗಿದ್ದರೆ ಗುಡ್ಡೆ ಯಾಕೆ ಬೇಕಿತ್ತು? ಕೇಳಲಿಲ್ಲ. ಮೆಟ್ರಿಕ್ ತೂಕ ದೇಶದಲ್ಲೆಲ್ಲ ಕಡ್ಡಾಯ ಆದದ್ದು 1962ರಲ್ಲಿ. ನಮ್ಮಜ್ಜನ ಕೊಳಗಕ್ಕೆ ಆ ಸುದ್ದಿ ಕೊನೇವರೆಗೂ ಮುಟ್ಟಲಿಲ್ಲ.

ನಾನು ಹೀಗೆ ಕಣದಲ್ಲಿದ್ದಾಗ ಅಟೆಂಡರ್ರು ಬುರೆಟ್ ಮುಗಿಸಿ "ಅರವತ್ತೆರಡು" ಅಂದರು. ಹುಡುಗನ ಸ್ಕ್ರೀನಿನಲ್ಲಿ ಅರವತ್ತೊಂದು. ಲಾಭ ಅನ್ನೋದನ್ನು ಅವನು ದೇವರ ಹೆಸರು ಅಂದುಕೊಂಡು ಬಿಟ್ಟಿದ್ದ. ಮತ್ತೆ ಎಣಿಸಿದೆವು. ಅದರಲ್ಲಿ ಮೂಗು ಮುರಿದದ್ದು ನಾಲ್ಕು. ರಿಜಿಸ್ಟರಿನ ಷರಾ ಕಾಲಂನಲ್ಲಿ "4 ಮೂಗು ಮುರಿದಿದೆ, ನೀರಿಗೆ ನಡೆಯುತ್ತದೆ" ಅಂತ ಬರೆದೆ. ಸಾಫ್ಟ್‌ವೇರಿನಲ್ಲಿ ಒಂದು ವಸ್ತು ವರ್ಕಿಂಗ್ ಇರಬೇಕು, ಇಲ್ಲ ನಾಟ್ ವರ್ಕಿಂಗ್ ಇರಬೇಕು. ನೀರಿಗೆ ನಡೆಯುವಂಥದ್ದಕ್ಕೆ ಅಲ್ಲಿ ಜಾಗ ಇಲ್ಲ. ಆ ಲೆಕ್ಕದಲ್ಲಿ ನಮ್ಮ ಸ್ಟಾಫ್ ರೂಮಿನ ಅರ್ಧ ಜನ ನಾಟ್ ವರ್ಕಿಂಗ್, ನನ್ನನ್ನೂ ಸೇರಿಸಿ.

ಬಾರ್‌ಕೋಡ್ ವಿಷಯಕ್ಕಂತೂ ನನಗೆ ನಿಜವಾಗಿ ಸಿಟ್ಟಿದೆ. ಕಳೆದ ವರ್ಷ ಯಾರಿಗೋ ಉತ್ಸಾಹ ಬಂದು ಪ್ರತಿ ಬಾಟಲಿಗೂ, ಪ್ರತಿ ಸ್ಟೂಲಿಗೂ ಸ್ಟಿಕ್ಕರ್ ಅಂಟಿಸಿದರು. ಅಂಗಡಿಯಲ್ಲಿ ಮೊಟ್ಟಮೊದಲು ಆ ಗೆರೆ ಸ್ಕ್ಯಾನ್ ಆದದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೋದಲ್ಲಿ, ಒಂದು ಚೂಯಿಂಗ್ ಗಮ್ ಪ್ಯಾಕೆಟ್ಟಿನ ಮೇಲೆ. ಚೂಯಿಂಗ್ ಗಮ್ಮಿಗೆ ಸರಿ. ಅದರ ಮೇಲೆ ಯಾರೂ ಆಸಿಡ್ ಚೆಲ್ಲುವುದಿಲ್ಲ. ನಮ್ಮದು ಬಿಸಿಗೆ ಕಪ್ಪಾಗುವ ಅಗ್ಗದ ಥರ್ಮಲ್ ಕಾಗದ, ಬಿಲ್ ಚೀಟಿ ಜೇಬಲ್ಲೇ ಮಾಸುತ್ತಲ್ಲ, ಅದೇ ಜಾತಿ. ಆರು ತಿಂಗಳಲ್ಲಿ ಅರ್ಧಕ್ಕರ್ಧ ಬಿಳಿಚಿಕೊಂಡವು. ಅಟೆಂಡರ್ರು ಹದಿನೆಂಟು ವರ್ಷದ ಹಿಂದೆ ಬಿಳಿ ಇನಾಮೆಲ್ ಪೇಂಟಿನಲ್ಲಿ ಸ್ಟೂಲಿನ ಅಡಿಗೆ ಬರೆದ ನಂಬರ್ ಮಾತ್ರ ಹಾಗೇ ಇದೆ. ಒಂಬತ್ತರ ಬಾಲ ಸ್ವಲ್ಪ ಉದ್ದ, ಅಷ್ಟೇ.

ಹಾಗಂತ ಕೈಲೆಕ್ಕವನ್ನು ಹೊಗಳಲೂ ಮನಸ್ಸಿಲ್ಲ. ಹಳೇ ರಿಜಿಸ್ಟರಿನಲ್ಲಿ ಸತತ ಹನ್ನೊಂದು ವರ್ಷ ಒಂದೇ ಶಾಯಿಯಲ್ಲಿ, ಒಂದೇ ಕೂರುವಿಕೆಯಲ್ಲಿ ಬರೆದ ಹಾಗೆ ಕಾಣುವ ಪುಟಗಳಿವೆ. ಪ್ರತಿ ವರ್ಷವೂ "ಎಣಿಸಿ ನೋಡಲಾಗಿ ಸರಿ ಇದೆ." ಮೂರು ಕಡೆ ಸಹಿ ನನ್ನದೇ.

ಸ್ಟೂಲಿಗೆ ಬರೋಣ. ರಿಜಿಸ್ಟರಿನ ಪ್ರಕಾರ ಶಿಲ್ಕು, ಅಂದರೆ ಉಳಿದಿರಬೇಕಾದದ್ದು, ನಲವತ್ತು, ಸಾಫ್ಟ್‌ವೇರಿನಲ್ಲೂ ನಲವತ್ತು, ಲ್ಯಾಬಿನಲ್ಲಿ ನಲವತ್ತೊಂದು. ಒಂದೊಂದನ್ನೂ ಮಗುಚಿ ನೋಡಿದೆವು. ಇಪ್ಪತ್ತೊಂಬತ್ತನೇ ನಂಬರ್ ಎರಡಿತ್ತು. ಎರಡರಲ್ಲೂ ಒಂಬತ್ತರ ಬಾಲ ಉದ್ದ. ಹುಡುಗ ಎರಡನೆಯದನ್ನು ತುಂಬಲು ಹೋದರೆ ಕಂಪ್ಯೂಟರ್ ಕೆಂಪಗೆ "ಡೂಪ್ಲಿಕೇಟ್ ಎಂಟ್ರಿ" ಅಂದಿತು, ಮುಂದಕ್ಕೆ ಹೋಗಲು ಬಿಡಲಿಲ್ಲ. "ಸಾರ್, ಸಿಸ್ಟಮ್ ಪ್ರಕಾರ ಈ ಸ್ಟೂಲು ಇಲ್ಲ" ಅಂದ, ಅದರ ಮೇಲೆ ಕೂತುಕೊಂಡೇ. ಮೂವತ್ತು ಅಂತ ತಿದ್ದೋಣ ಅಂದರೆ ಮೂವತ್ತು ಬೇರೆ ಇದೆ. ನಲವತ್ತೊಂದು ಅಂತ ಬರೆಯೋಣ ಅಂದರೆ ಬಿಲ್ ಕೇಳುತ್ತದೆ. ಯಾರು ಕೊಂಡರು, ಎಷ್ಟಕ್ಕೆ, ಯಾವ ತಾರೀಕು. ಅಟೆಂಡರ್ರನ್ನು ಕೇಳಿದೆ. ಅವರು ಕಿಟಕಿ ಕಡೆ ನೋಡಿ, "ಇರ್ಲಿ ಬಿಡಿ ಸಾರ್, ಲಾಭ" ಅಂದರು.

ಪ್ರಿನ್ಸಿಪಾಲರ ಒಂದು ಪುಟ ಸೋಮವಾರಕ್ಕೆ ಬೇಕಂತೆ. ಸ್ಟೂಲು ಸದ್ಯ ನಮ್ಮ ಕನ್ನಡ ವಿಭಾಗದಲ್ಲಿದೆ. ನಿನ್ನೆ ಐದು ಗಂಟೆ ಮೇಲೆ, ಯಾರೂ ಇಲ್ಲದಾಗ, ನಾನೂ ಅಟೆಂಡರ್ರೂ ತಂದು ನೀರಿನ ಹೂಜಿ ಕೆಳಗೆ ಇಟ್ಟಿದ್ದೇವೆ, ಎತ್ತರ ಸರಿಯಾಗಿದೆ. ಗುರುವಾರ ನಮ್ಮ ವಿಭಾಗ ಎಣಿಸಲು ಕೆಮಿಸ್ಟ್ರಿಯವರು ಬರುತ್ತಾರೆ.