ಫೋಟೋದಲ್ಲಿ ಮೊಣಕೈವರೆಗೆ ಮಾತ್ರ ಇರುವ ನಮ್ಮಪ್ಪ

ಭಾನುವಾರದಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬರೆದರೆ ಹಗುರ ಆಗಬಹುದು ಅಂತ ಬರೆಯುತ್ತಿದ್ದೇನೆ. ಉದ್ದ ಆದರೂ ಓದಿ.

ನಮ್ಮೂರು ಮೈಸೂರಿನ ಒಂದು ಕಾಲೇಜಿನವರು ತಮ್ಮ ಹಳೆಯ ಗಾಲ್ಫ್ ಟೂರ್ನಿಯನ್ನು ಮತ್ತೆ ಶುರು ಮಾಡಿದ್ದಾರೆ. ನಡುವೆ ಎಷ್ಟೋ ವರ್ಷ ನಿಂತುಹೋಗಿತ್ತು. ಗೆಳೆಯನ ಮಗಳು ಆಡುತ್ತಿದ್ದಳು ಅಂತ ಬಹುಮಾನ ಕೊಡುವ ದಿನ ಹೋಗಿದ್ದೆ. ಅಪ್ಪನನ್ನೂ ಕರೆದುಕೊಂಡು ಹೋದೆ. ಬಾಗಿಲಲ್ಲೇ ಒಂದು ಸ್ಮರಣ ಸಂಚಿಕೆ ಕೈಗಿಟ್ಟರು. ಒಳ್ಳೇ ದಪ್ಪ ಕಾಗದ, ಬಣ್ಣದ ಫೋಟೋಗಳು, ಟೂರ್ನಿಯ ಇತಿಹಾಸ ಅಂತ ಆರು ಪುಟ.

ಆ ಆರು ಪುಟದಲ್ಲಿ, ಆಟಗಾರರ ಬ್ಯಾಗು ಹೊರುವ ಕ್ಯಾಡಿಗಳ ಬಗ್ಗೆ ಒಂದು ಸಾಲು ಇಲ್ಲ.

ನಮ್ಮಪ್ಪ ಏನಾಗಿದ್ದರು ಅಂತ ನಿಮಗೆಲ್ಲ ಗೊತ್ತು. ಚಾಮುಂಡಿ ಬೆಟ್ಟದ ತಪ್ಪಲಿನ ಗಾಲ್ಫ್ ಮೈದಾನದಲ್ಲಿ ಇಪ್ಪತ್ತೆಂಟು ವರ್ಷ ಬೇರೆಯವರ ಬ್ಯಾಗು ಹೊತ್ತವರು. ಈ ಟೂರ್ನಿಯಲ್ಲೂ ಪ್ರತಿ ವರ್ಷ ಹೊತ್ತವರು. ಸಂಚಿಕೆ ತಿರುವಿ ಹಾಕುತ್ತಾ ಹಾಕುತ್ತಾ ಒಂದು ಕಪ್ಪು ಬಿಳುಪು ಫೋಟೋ ಹತ್ತಿರ ನಿಂತರು. ಗೆದ್ದ ಹುಡುಗ ಕಪ್ ಹಿಡಿದಿದ್ದಾನೆ. ಅವನ ಎಡಗಡೆ, ಫೋಟೋದ ಅಂಚಿನಲ್ಲಿ, ಬ್ಯಾಗಿನ ಪಟ್ಟಿ ಹಿಡಿದ ಒಂದು ಕೈ. ಮೊಣಕೈವರೆಗೆ ಮಾತ್ರ. ಆಮೇಲೆ ಪುಟ ಮುಗಿಯುತ್ತದೆ. ಆ ಕೈಯ ಕಿರುಬೆರಳು ಹೊರಗಡೆ ಸೊಟ್ಟಗಿದೆ. ಚೆಂಡು ಬಡಿದು ಮುರಿದು, ಸರಿಯಾಗಿ ಕೂಡದೆ ಹೋದ ಬೆರಳು. ಚಿಕ್ಕಂದಿನಲ್ಲಿ ನಾನು ಹಿಡಿದುಕೊಂಡು ನಡೆಯುತ್ತಿದ್ದದ್ದು ಅದೇ ಬೆರಳನ್ನ.

ಅಪ್ಪ ಅದರ ಮೇಲೆ ಬೆರಳಿಟ್ಟು, "ಇದು ನಾನೇ ಕಣಪ್ಪ" ಅಂದರು. ಅಷ್ಟೇ. ಬೇಜಾರು ಕೂಡ ಮಾಡಿಕೊಳ್ಳಲಿಲ್ಲ. ನನಗೆ ಮಾತ್ರ ಅಲ್ಲಿ ಕೂರೋಕೆ ಆಗಲಿಲ್ಲ.

ಇತಿಹಾಸ ಬರೆದವರು ಓದಿಕೊಂಡೇ ಬರೆದಿದ್ದಾರೆ. 1878ರಲ್ಲಿ ಲಂಡನ್ನಿನ ವಿಂಬಲ್ಡನ್ ಬಯಲಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಹುಡುಗರು ಗಾಲ್ಫಿನಲ್ಲಿ ಮೊದಲ ಸಲ ಎದುರಾದದ್ದು ಇದೆ. 1897ರಲ್ಲಿ ನ್ಯೂಯಾರ್ಕಿನ ಆರ್ಡ್ಸ್‌ಲಿಯಲ್ಲಿ ಅಮೆರಿಕದ ಮೊದಲ ಕಾಲೇಜು ಚಾಂಪಿಯನ್‌ಶಿಪ್ ನಡೆದು ಯೇಲ್ ಯೂನಿವರ್ಸಿಟಿ ಗೆದ್ದದ್ದು ಇದೆ. 1939ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಅದನ್ನು ವಹಿಸಿಕೊಂಡದ್ದು, 1961ರಲ್ಲಿ ಜಾಕ್ ನಿಕ್ಲಾಸ್, 1996ರಲ್ಲಿ ಟೈಗರ್ ವುಡ್ಸ್ ಗೆದ್ದದ್ದು ಎಲ್ಲ ಇದೆ. ನಮ್ಮೂರ ಗಾಲ್ಫ್ ಆಟಗಾರ್ತಿ ಪ್ರಣವಿ ಅರಸ್ ಫೋಟೋ ಹಾಕಿದ್ದಾರೆ, ನೋಡಿ ತುಂಬಾ ಖುಷಿಯಾಯ್ತು. ದೂರದ ಯೇಲ್‌ಗೂ ಈ ಸಂಚಿಕೆಯಲ್ಲಿ ಜಾಗ ಸಿಕ್ಕಿದೆ. ನಜರ್‌ಬಾದ್, ಇಟ್ಟಿಗೆಗೂಡಿನಿಂದ ಬೆಳಗಿನ ಜಾವ ನಡೆದು ಬಂದು, ಮೊದಲ ಹೊಡೆತ ಹೊಡೆಯುವ ಟೀ ಪಕ್ಕ ನಿಲ್ಲುತ್ತಿದ್ದ ಕ್ಯಾಡಿಗಳಿಗೆ ಒಂದು ಸಾಲಿನ ಜಾಗ ಸಿಕ್ಕಿಲ್ಲ.

ಅಮೆರಿಕದ ಕತೆ ಹೇಳುವುದಾದರೆ ಪೂರ್ತಿ ಹೇಳಬೇಕಿತ್ತು. 1913ರಲ್ಲಿ ಯುಎಸ್ ಓಪನ್ ಗೆದ್ದ ಫ್ರಾನ್ಸಿಸ್ ವಿಮೆಟ್‌ಗೆ ಆಗ ಇಪ್ಪತ್ತು ವರ್ಷ. ಮನೆ ಎದುರಿನ ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾಗಿದ್ದ ಹುಡುಗ. ಅವತ್ತು ಅವನ ಬ್ಯಾಗು ಹೊತ್ತವನು ಹತ್ತು ವರ್ಷದ ಎಡ್ಡಿ ಲೌರಿ. ಆ ಎಳೆಯನ ಹೆಸರು ನೂರು ವರ್ಷ ದಾಟಿದರೂ ಉಳಿದಿದೆ. ಚಿಕ್ ಇವಾನ್ಸ್ ಅಂತ ಇನ್ನೊಬ್ಬ. ಶಿಕಾಗೋದಲ್ಲಿ ಕ್ಯಾಡಿಯಾಗಿ ಬೆಳೆದವನು. 1916ರಲ್ಲಿ ಯುಎಸ್ ಓಪನ್, ಯುಎಸ್ ಅಮೆಚೂರ್ ಎರಡನ್ನೂ ಒಂದೇ ವರ್ಷ ಗೆದ್ದ, ಚೆಂಡು ಹೊಡೆಯುವ ಬರೀ ಏಳು ಕ್ಲಬ್ (ಕೋಲು) ಇಟ್ಟುಕೊಂಡು. ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಗೆ ಸೇರಿದ್ದ, ದುಡ್ಡಿಲ್ಲದೆ ಓದು ಬಿಟ್ಟ. ಆಮೇಲೆ ಹೆಸರು ಬಂತು, ಹಣವೂ ಬಂತು. ಅಮೆಚೂರ್, ಅಂದರೆ ದುಡ್ಡಿಗಾಗಿ ಆಡದ ಆಟಗಾರ, ಆ ಹಣ ಮುಟ್ಟುವ ಹಾಗಿರಲಿಲ್ಲ. ಕ್ಯಾಡಿ ಹುಡುಗರ ಕಾಲೇಜಿಗೆ ಕೊಡು ಅಂತ ಅವನ ತಾಯಿ ಹೇಳಿದರಂತೆ. 1930ರಲ್ಲಿ ಇಬ್ಬರು ಕ್ಯಾಡಿಗಳು ಆ ಹಣದಲ್ಲಿ ಅದೇ ನಾರ್ತ್‌ವೆಸ್ಟರ್ನ್ ಸೇರಿದರು. ಇವಾನ್ಸ್ ಸ್ಕಾಲರ್‌ಶಿಪ್ ಈಗಲೂ ನಡೆಯುತ್ತಿದೆ, ಸಾವಿರಾರು ಮಕ್ಕಳು ಓದಿದ್ದಾರೆ. ಕಾಲೇಜಿಗೂ ಗಾಲ್ಫಿಗೂ ಇರುವ ನಂಟಿನಲ್ಲಿ ಇದಕ್ಕಿಂತ ದೊಡ್ಡ ವಿಷಯ ನನಗಂತೂ ಕಾಣಿಸುವುದಿಲ್ಲ.

ಅಷ್ಟು ದೂರ ಯಾಕೆ? 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದೆಹಲಿಯ ಕ್ಯಾಡಿ. 2009ರಲ್ಲಿ ಗೆದ್ದ ಮುನಿಯಪ್ಪ ಬೆಂಗಳೂರಿನ ಕ್ಯಾಡಿ. ವೃತ್ತಿಪರ ಗಾಲ್ಫ್ ಆಟಗಾರ ಚಿಕ್ಕರಂಗಪ್ಪ ಬಿಡದಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿ ಹುಡುಗ.

ಸಮಿತಿಯವರೊಬ್ಬರನ್ನು ಕೇಳಿದೆ. ಒಳ್ಳೆಯವರೇ, ಸಮಾಧಾನವಾಗಿ ಮಾತಾಡಿದರು. "ಅವರಿಗೆ ದುಡ್ಡು ಕೊಡ್ತಿದ್ವಲ್ಲ ಸಾರ್. ಅಮೆರಿಕದ ಕಾಲೇಜು ಟೂರ್ನಿಗಳಲ್ಲಿ ಹುಡುಗರು ಅವರವರ ಬ್ಯಾಗು ಅವರೇ ಹೊರ್ತಾರೆ, ಅಲ್ಲಿ ಕ್ಯಾಡಿಗಳೇ ಇರಲ್ಲ" ಅಂದರು. ನಿಜ, ಅಲ್ಲಿ ಹುಡುಗರೇ ಹೊರುತ್ತಾರೆ. ಆದರೆ ಈ ಸಂಚಿಕೆ ಬರೆದಿರುವುದು ಇಲ್ಲಿಯ ಟೂರ್ನಿಯ ಇತಿಹಾಸ ಅಲ್ವಾ? ಇಲ್ಲಿ ಯಾರು ಹೊತ್ತರು? ಇನ್ನು ದುಡ್ಡಿನ ಮಾತು. ಶಾಮಿಯಾನ ಹಾಕಿದವರಿಗೂ ದುಡ್ಡು ಕೊಟ್ಟಿದ್ದಾರೆ, ಅವರ ಹೆಸರು ಕೊನೇ ಪುಟದಲ್ಲಿ ಅಚ್ಚಾಗಿದೆ.

ಹೊರುವುದು ಅಂದರೆ ಬರೀ ಹೊರುವುದು ಅಂದುಕೊಂಡುಬಿಟ್ಟಿದ್ದಾರೆ. ಅಪ್ಪ ಶಾಲೆಗೆ ಹೋದವರಲ್ಲ. ಇಂಗ್ಲಿಷ್ ಅಂಕಿ ಕಲಿತದ್ದು ಐರನ್ ಅನ್ನುವ ಕ್ಲಬ್‌ಗಳ ಅಡಿಯ ನಂಬರ್ ನೋಡಿ. ಮೂರರಿಂದ ಒಂಬತ್ತು. ಒಂದು, ಎರಡು ಆಮೇಲೆ ಬಂದವು, ಸಿಟಿ ಬಸ್ಸಿನ ನಂಬರ್ ನೋಡಿ. ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಏಳು ಕೊಡಬೇಕಾ ಆರು ಕೊಡಬೇಕಾ, ಅವರು ಹೇಳಿದರೆ ಮುಗಿಯಿತು. ಕುಳಿ ಇರುವ ಗ್ರೀನ್ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, "ಚೆಂಡು ಬೆಟ್ಟಕ್ಕೆ ಬೆನ್ನು ಹಾಕಿ ಓಡ್ತದೆ ಬುದ್ಧಿ, ಎಡಕ್ಕೆ ಎರಡು ಬೆರಳು ಬಿಡಿ" ಅನ್ನುತ್ತಿದ್ದರು. ಹದಿನೆಂಟು ವರ್ಷದ ಕಾಲೇಜು ಹುಡುಗರಿಗೂ "ಬುದ್ಧಿ". ಆ ಹುಡುಗರು ಗೆದ್ದ ಕಪ್ಪುಗಳಲ್ಲಿ ಎಷ್ಟು ಅಪ್ಪನ ಎರಡು ಬೆರಳಿನ ಲೆಕ್ಕದ್ದು ಅಂತ ಯಾರು ಬರೆದಿಟ್ಟಿದ್ದಾರೆ?

ಒಂದು ಮಾತು ಒಪ್ಪಿಕೊಳ್ಳಬೇಕು. ಪಿಯುಸಿಯಲ್ಲಿ ಇದ್ದಾಗ ಯಾರಾದರೂ ಕೇಳಿದರೆ, ನಮ್ಮಪ್ಪ ಕ್ಲಬ್ಬಿನ ಆಫೀಸಲ್ಲಿ ಇದ್ದಾರೆ ಅನ್ನುತ್ತಿದ್ದೆ. ಒಂದು ಸಲ ಅಪ್ಪನ ಎದುರಿಗೇ ಹೇಳಿದೆ. ಅವರು ಸುಮ್ನೆ ಇದ್ದರು. ಭಾನುವಾರ ಆ ಫೋಟೋ ನೋಡಿದಾಗ ಮೊದಲು ನೆನಪಾದದ್ದು ಅದೇ. ಇವರ ಮೇಲೆ ಇಷ್ಟು ಸಿಟ್ಟು ಬರುವುದಕ್ಕೆ ಅದೂ ಒಂದು ಕಾರಣ ಇರಬೇಕು.

ನಿನ್ನೆ ರಾತ್ರಿ ಊಟ ಆದಮೇಲೆ ಸಂಚಿಕೆಯ ಹಿಂದಿನ ಖಾಲಿ ರಟ್ಟಿನ ಮೇಲೆ ಅಪ್ಪ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಆ ಟೂರ್ನಿಯಲ್ಲಿ ಬ್ಯಾಗು ಹೊತ್ತ ಹನ್ನೊಂದು ಜನ. ಆರು ಜನ ಈಗಿಲ್ಲ. ಪಟ್ಟಿಯನ್ನು ಸಮಿತಿಯವರಿಗೆ ಕೊಡುತ್ತೇನೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಹಾಕಲಿ. ಹಾಕುವವರೆಗೆ ಕೇಳುತ್ತಲೇ ಇರುತ್ತೇನೆ.

ಆ ಕಾಲೇಜಿನಲ್ಲಿ ಓದಿದವರು, ಆಡಿದವರು ಈ ಗೋಡೆ ನೋಡುತ್ತೀರಿ ಅಂತ ಗೊತ್ತು. ಕಪ್ ಹಿಡಿದ ಆ ಹುಡುಗನ ಫೋಟೋದ ಪೂರ್ತಿ ಪ್ರತಿ ಯಾರ ಮನೆಯ ಆಲ್ಬಂನಲ್ಲಾದರೂ ಇರಬಹುದು. ಇದ್ದರೆ ದಯವಿಟ್ಟು ಹುಡುಕಿ ಕಳಿಸಿ. ಎಡಗಡೆ ಕತ್ತರಿಸಬೇಡಿ. ಅವತ್ತು ತಲೆಗೆ ಟವಲ್ ಸುತ್ತಿದ್ದೆನೋ ಇಲ್ಲವೋ ಅಂತ ಅಪ್ಪ ಬೆಳಗ್ಗೆಯಿಂದ ಎರಡು ಸಲ ಕೇಳಿದ್ದಾರೆ.