ಮೂವತ್ತನೇ ತಾರೀಕಿನವರೆಗೂ ನಾಲ್ಕು ಡಿಗ್ರಿ

ಅಮ್ಮನ ಇನ್ಸುಲಿನ್ ಮುಗಿದಿತ್ತು. ಜೂನ್ ತಿಂಗಳು. ಕುಂಬಳೆ, ಬದಿಯಡ್ಕ ಕಡೆಯ ಮಳೆ ಗೊತ್ತಲ್ಲ, ಒಂದು ರಬ್ಬರ್ ಮರ ತಂತಿಗೆ ಒರಗಿದರೆ ಸಾಕು, ಇಡೀ ಪೇಟೆಗೆ ಕರೆಂಟಿಲ್ಲ. ಅವತ್ತೂ ಹಿಂದಿನ ರಾತ್ರಿಯಿಂದಲೇ ಇರಲಿಲ್ಲ. ಮೆಡಿಕಲ್‌ನ ಹುಡುಗ ಮೊಬೈಲ್ ಟಾರ್ಚ್ ಹಿಡಿದು ಫ್ರಿಜ್ ತೆಗೆದ. ಒಳಗೆ ಇನ್ಸುಲಿನ್, ಪಕ್ಕದಲ್ಲಿ ಎರಡು ಮಜ್ಜಿಗೆ ಪ್ಯಾಕೆಟ್, ಅದಕ್ಕೆ ಒರಗಿಕೊಂಡು ಬಾಳೆಲೆಯಲ್ಲಿ ಸುತ್ತಿದ ಒಂದು ಅಟ್ಟೆ ಮಲ್ಲಿಗೆ. ಯಾರದ್ದೋ ಮದುವೆ ಇತ್ತೇನೋ.

"ತಣ್ಣಗೆ ಉಂಟು ಮಾಷ್ಟ್ರೆ, ಮುಟ್ಟಿ ನೋಡಿ" ಅಂದ.

ಇನ್ಸುಲಿನ್ ಇಡಬೇಕಾದ್ದು 2ರಿಂದ 8 ಡಿಗ್ರಿ ಒಳಗೆ. ಹೆಪ್ಪುಗಟ್ಟಿದರೆ ಎಸೆಯಬೇಕು, ಜಾಸ್ತಿ ಬಿಸಿಯಾದರೆ ಬಲ ಹೋಗುತ್ತದೆ. ಕಷ್ಟ ಏನಂದ್ರೆ ಬಲ ಹೋದದ್ದು ಹಾಲು ಒಡೆದ ಹಾಗೆ ಕಣ್ಣಿಗೆ ಕಾಣಬೇಕೆಂದಿಲ್ಲ. ಹಾಗಾಗಿ ಎಷ್ಟು ಡಿಗ್ರಿ ಉಂಟಪ್ಪಾ ಅಂತ ಕೇಳಿದೆ. ಅವನು ಥರ್ಮಾಮೀಟರ್ ನೋಡಲಿಲ್ಲ. ಮೊಳೆಗೆ ನೇತುಹಾಕಿದ ರಿಜಿಸ್ಟರ್ ತೆಗೆದು ತೋರಿಸಿದ. ಬೆಳಿಗ್ಗೆ 4, ಸಂಜೆ 4. ಮರುದಿನ ಬೆಳಿಗ್ಗೆ 4, ಸಂಜೆ 4. ಬೆರಳು ಇಟ್ಟುಕೊಂಡು ಕೆಳಗೆ ಹೋದೆ. ಅವತ್ತು ತಾರೀಕು 17. ರಿಜಿಸ್ಟರ್ 30ರ ಸಂಜೆವರೆಗೆ ಭರ್ತಿ, ಸಹಿ ಸಮೇತ.

ಅಷ್ಟಮಂಗಲ ಪ್ರಶ್ನೆ ಇಟ್ಟರೂ ಇಷ್ಟು ಖಚಿತ ಉತ್ತರ ಬರಲಿಕ್ಕಿಲ್ಲ.

"ಇನ್ಸ್‌ಪೆಕ್ಷನ್‌ಗೆ ಬಂದಾಗ ಬರೀಲಿಕ್ಕೆ ಕೂತರೆ ಆಗ್ತದಾ ಮಾಷ್ಟ್ರೆ?" ಅಂತ ಅವನೇ ಕೇಳಿದ. ಹೌದಲ್ವಾ, ಪರೀಕ್ಷೆಗೆ ಮೊದಲೇ ಓದಿಕೊಳ್ಳಿ ಅಂತ ಮೂವತ್ತು ವರ್ಷ ಹೇಳಿದವನು ನಾನು.

ಫಾರ್ಮಸಿಸ್ಟ್ ಇದ್ದಾರಾ ಅಂದೆ. ಗೋಡೆ ತೋರಿಸಿದ. ಅಲ್ಲಿ ಇದ್ದರು, ಗಾಜಿನ ಚೌಕಟ್ಟಿನೊಳಗೆ, ಸರ್ಟಿಫಿಕೇಟಿನ ಮೂಲೆಯಲ್ಲಿ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಚೀಟಿ ನೋಡಿ ಮದ್ದು ಕೊಡಬೇಕಾದ್ದು ನೋಂದಣಿ ಆದ ಫಾರ್ಮಸಿಸ್ಟ್. ಗೋಡೆಯ ಮೇಲಿದ್ದರೂ ನೋಡುತ್ತಲೇ ಇದ್ದಾರಲ್ಲ, ಇನ್ನೇನು ಬೇಕು? ಪಕ್ಕದಲ್ಲೇ ಗಣಪತಿ ಫೋಟೋ. ಗಣಪತಿಗೆ ದಿನಾ ಹೂ ಸಿಗುತ್ತದೆ, ಇವರಿಗೆ ತಿಂಗಳಿಗೊಮ್ಮೆ ಬಾಡಿಗೆ ಸಿಗುತ್ತದಂತೆ. ಸರ್ಟಿಫಿಕೇಟಿಗೆ, ಕೋಣೆಗಲ್ಲ.

ಅಷ್ಟರಲ್ಲಿ ಒಬ್ಬರು ಅಜ್ಜ ಕೊಡೆ ಮಡಚಿ ಒಳಗೆ ಬಂದರು. ಜ್ವರ, ಕೆಮ್ಮು, ಚೀಟಿ ಇಲ್ಲ, "ಮೊನ್ನೆಯದ್ದೇ ಕೊಡು ಮಗಾ." ಮೊನ್ನೆಯದ್ದು ಅಂದ್ರೆ ಸೆಫಿಕ್ಸಿಮ್ ಅನ್ನುವ ಆಂಟಿಬಯೋಟಿಕ್, ಪ್ಯಾರಾಸಿಟಮಾಲ್ ಅಲ್ಲ. ಅಜ್ಜನ ತಲೆಯ ಮೇಲೇ ಬೋರ್ಡ್ ಇತ್ತು: ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲ ಅಂತ, ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ಅಜ್ಜ ಮಾತಾಡುವುದು ತುಳು, ಓದುವುದು ಕನ್ನಡ, ಹಾಗಾಗಿ ಬೋರ್ಡ್ ಅವರನ್ನು ತಡೆಯಲಿಲ್ಲ. ಹುಡುಗನಿಗೆ ಮಲಯಾಳ ಚೆನ್ನಾಗಿ ಬರುತ್ತದೆ, ಅವನನ್ನೂ ತಡೆಯಲಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ನಾವು ಕಾಸರಗೋಡಿನವರು ಓದಲಾಗದ ಬೋರ್ಡಿನಡಿ ನಿಂತು ಅಭ್ಯಾಸವಾದವರು. ಓದಿದವರಿಗೂ ಲಾಭವಿಲ್ಲ ಅಂತ ಗೊತ್ತಾದದ್ದು ಈಗ.

ಸೆಫಿಕ್ಸಿಮ್ ಎಚ್1 ಪಟ್ಟಿಯ ಮದ್ದು, ಅಂದ್ರೆ ಚೀಟಿ ಇಲ್ಲದೆ ಕೊಡಬಾರದ, ಕೊಟ್ಟದ್ದಕ್ಕೆ ಲೆಕ್ಕ ಇಡಬೇಕಾದ ಮದ್ದುಗಳ ಸರಕಾರಿ ಪಟ್ಟಿ. 2014ರಿಂದ ಇವಕ್ಕೆ ಬೇರೆಯೇ ರಿಜಿಸ್ಟರ್, ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟದ್ದು ಎಲ್ಲಾ ಬರೆದು ಮೂರು ವರ್ಷ ಇಡಬೇಕು. ಆ ರಿಜಿಸ್ಟರೂ ಇತ್ತು. ಡಾಕ್ಟರ ಕಾಲಂನಲ್ಲಿ ಪುಟದ ಮೇಲೆ ಒಂದು ಹೆಸರು, ಅಲ್ಲಿಂದ ಕೆಳಗೆ ಎರಡೆರಡು ಗೀಟು, ಎರಡೆರಡು ಗೀಟು. ಇಡೀ ಊರಿಗೆ ಒಬ್ಬರೇ ವೈದ್ಯರು, ಪುಣ್ಯಾತ್ಮರು.

ಆಮೇಲೆ ಕತ್ತರಿ ಬಂತು. ಸ್ಟ್ರಿಪ್‌ನಿಂದ ನಾಲ್ಕು ಗುಳಿಗೆ ಕತ್ತರಿಸಿದ. ಮದ್ದಿನ ಹೆಸರು ಅರ್ಧ ಅಜ್ಜನಿಗೆ, ಅರ್ಧ ಅಂಗಡಿಗೆ. ಎಕ್ಸ್‌ಪೈರಿ ತಾರೀಕು ಪೂರ್ತಿ ಅಂಗಡಿಗೆ. ನಾನು ಸುಮ್ನೆ ಇರಬಹುದಿತ್ತು, ಬಾಯಿ ಬಿಟ್ಟೆ.

"ಎಕ್ಸ್‌ಪೈರಿ ಬೇಕಾದ್ರೆ ಇಡೀ ಸ್ಟ್ರಿಪ್ ತಗೊಳ್ಳಬೇಕಾಗ್ತದೆ" ಅಂದ, ಬೇಸರ ಮಾಡಿಕೊಳ್ಳದೆ.

ಬೇರೆ ಮೆಡಿಕಲ್ ಐದು ಕಿಲೋಮೀಟರ್ ದೂರ, ಅಲ್ಲೂ ಕರೆಂಟಿಲ್ಲ. ಇನ್ಸುಲಿನ್ ತಗೊಂಡು ಬಂದೆ. ಐಸ್ ಕೇಳಿದ್ದಕ್ಕೆ ಪಕ್ಕದ ಬೇಕರಿಯಿಂದ ಒಂದು ಸಿಪ್‌ಅಪ್ ತಂದು ಅದೇ ಕವರಿಗೆ ಹಾಕಿದ. ಕಿತ್ತಳೆ ಬಣ್ಣದ್ದು. ದಾರಿಯಲ್ಲೇ ಅರ್ಧ ಕರಗಿತು.

ಮುಂದಿನ ವಾರ ಅಮ್ಮನ ಶುಗರ್ ಏರಿತು. ಮಂಗಳೂರಿನ ಡಾಕ್ಟ್ರು ನನ್ನನ್ನು ನೋಡಿದರು, ನಾನು ಅಮ್ಮನನ್ನು ನೋಡಿದೆ, ಅಮ್ಮ ನೆಲ ನೋಡಿದರು. "ಹಲಸಿನ ಹಣ್ಣಿನ ಕಾಲ" ಅಂತ ನಕ್ಕು ಎರಡು ಯೂನಿಟ್ ಜಾಸ್ತಿ ಬರೆದರು. ಅಮ್ಮ ಒಂದು ಸೊಳೆಯೂ ಮುಟ್ಟಿರಲಿಲ್ಲವಂತೆ.

ಬಸ್ಸಿನಲ್ಲಿ ಬರುತ್ತಾ, ತಲಪಾಡಿ ದಾಟಿದ ಮೇಲೆ, ಫ್ರಿಜ್ಜಿನ ಕಥೆ ಪೂರ್ತಿ ಹೇಳಿದೆ. ರಿಜಿಸ್ಟರ್, ಡಿಗ್ರಿ, ಕಾಯ್ದೆ ಯಾವುದಕ್ಕೂ ಅವರು ತಲೆ ಹಾಕಲಿಲ್ಲ.

"ಆ ಮಲ್ಲಿಗೆ ಹೇಗಿತ್ತು?" ಅಂತ ಕೇಳಿದರು.

ನೆನಪು ಮಾಡಿಕೊಂಡೆ. ತುದಿಯೆಲ್ಲ ಕಂದಿತ್ತು.