ನಾಲ್ಕನೇ ಪಾಯಿಂಟ್ ಯಾರ ಹತ್ರ ಇದೆ?

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಶೆಡ್ಡು. ಮೂರು ಪ್ರೆಸ್, ಆರು ಜನ. ರಬ್ಬರ್ ವಾಷರ್, ಓ-ರಿಂಗ್ ಮಾಡುತ್ತೇವೆ. ಮಷೀನು ಸದ್ದಿನ ಮಧ್ಯೆ ಇಪ್ಪತ್ತು ವರ್ಷ ಕೂಗಿ ಕೂಗಿ ಪಳಗಿದ ಗಂಟಲು ನನ್ನದು. ಎಂ.ಜಿ. ರಸ್ತೆಯ ಹೋಟೆಲೊಂದರಲ್ಲಿ ಉದ್ಯಮಿಗಳ ಸಭೆ ಇದೆ, ಐದೇ ನಿಮಿಷ ಮಾತಾಡಿ ಸಾರ್ ಅಂದರು. ಹೂಂ ಅಂದೆ. ಫೋನ್ ಇಟ್ಟ ಮೇಲೆ ನೋಡಿದರೆ ಕೈಯೆಲ್ಲ ತಣ್ಣಗೆ.

ಪಿಯುಸಿ ಓದುವ ಮಗ ವಿವರಿಸಿದ. ಹೆದರಿಕೆ ಆದಾಗ ಅಡ್ರಿನಲಿನ್ ಏರುತ್ತೆ, ಎದೆ ಬಡಿತ ಜಾಸ್ತಿಯಾಗುತ್ತೆ, ರಕ್ತ ಚರ್ಮ ಬಿಟ್ಟು ಕಾಲಿನ ಸ್ನಾಯುಗಳಿಗೆ ಹೋಗುತ್ತೆ, ಬಾಯಿ ಒಣಗುತ್ತೆ. "ಹುಲಿ ಕಂಡ್ರೆ ಓಡೋಕೆ ಇರೋ ವ್ಯವಸ್ಥೆ ಅಪ್ಪಾ."

"ಹುಲಿಯಾದ್ರೆ ಒಂದೇ ಕಣೋ. ಅಲ್ಲಿ ಇನ್ನೂರು ಜನ ಇರ್ತಾರೆ."

ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಶುರು ಮಾಡಿದೆ. ಹೆಂಡತಿ ಕುಕ್ಕರ್ ಇಟ್ಟಿದ್ದಳು. "ರೀ, ಎರಡನೇ ವಿಷಲ್ ಆಯ್ತು. ನೀವಿನ್ನೂ ವೇದಿಕೆ ಮೇಲಿರುವ ಗಣ್ಯರಲ್ಲೇ ಇದ್ದೀರಿ!" ಮಾತು ನಿಜ. ನಮ್ಮ ಕಡೆ ಗಣ್ಯರನ್ನು ದಾಟುವಷ್ಟರಲ್ಲಿ ಅರ್ಧ ಭಾಷಣ ಮುಗಿದಿರುತ್ತದೆ. ಗಣ್ಯರನ್ನು ಕೈಬಿಟ್ಟೆ. ಉಳಿದದ್ದನ್ನು ಐದು ಪಾಯಿಂಟ್ ಮಾಡಿ, ಜೇಬಿಗೆ ಸರಿಹೋಗಲಿ ಅಂತ ನನ್ನದೇ ಐದು ವಿಸಿಟಿಂಗ್ ಕಾರ್ಡುಗಳ ಹಿಂದೆ ಬರೆದುಕೊಂಡೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಸಭೆಯ ದಿನ ಪೀಣ್ಯದಲ್ಲಿ ಮೆಟ್ರೋ ಹತ್ತಿದೆ. ಮಗ ಹೇಳಿಕೊಟ್ಟಂತೆ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡುತ್ತಾ ನಿಂತಿದ್ದೆ. ಯಶವಂತಪುರ ದಾಟುವಾಗ ಒಬ್ಬ ಹುಡುಗಿ ಎದ್ದು, "ಅಂಕಲ್, ವೀಸಿಂಗಾ? ಕೂತ್ಕೊಳ್ಳಿ" ಅಂದಳು. ಕೂತೆ. ಮೆಜೆಸ್ಟಿಕ್‌ವರೆಗೆ ಸೀಟು ಸಿಕ್ಕಿತು. ಆ ಉಸಿರಿನ ವಿದ್ಯೆಯಿಂದ ಅಷ್ಟಂತೂ ಲಾಭ. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಎಂ.ಜಿ. ರಸ್ತೆಯಲ್ಲಿ ಇಳಿದೆ.

ಹೋಟೆಲಿನಲ್ಲಿ ಕಾಫಿ ಕಪ್ಪು ಹಿಡಿದವರೆಲ್ಲ ಒಬ್ಬರಿಗೊಬ್ಬರು ಕಾರ್ಡು ಕೊಡುತ್ತಿದ್ದರು. ನನ್ನ ಹತ್ತಿರವೂ ಬಂದು ಕೇಳಿದರು. ನಡುಗುವ ಕೈ ಯಾವ ಜೇಬಿಗೆ ಹೋಯಿತೋ, ಎರಡು ಕೊಟ್ಟೆ.

ಹೆಸರು ಕರೆದರು. ಹತ್ತಿದೆ. ಮೈಕಿನ ಮುಂದೆ ನಿಂತು ಜೇಬಿಗೆ ಕೈ ಹಾಕಿದರೆ ಒಂದು, ಎರಡು, ಮೂರು. ಅಷ್ಟೇ! ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಮೂರನೇ ಪಾಯಿಂಟ್‌ವರೆಗೆ ಹೇಗೋ ಬಂದೆ. ಆಮೇಲೆ ಮೌನ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಬೇರೆ ದಾರಿ ಇರಲಿಲ್ಲ, ಕೇಳಿಯೇಬಿಟ್ಟೆ:

"ಕ್ಷಮಿಸಿ, ನಾಲ್ಕನೇ ಪಾಯಿಂಟ್ ಯಾರ ಹತ್ರ ಇದೆ?"

ಯಾರಿಗೂ ಅರ್ಥವಾಗಲಿಲ್ಲ. ಕಾರ್ಡು ತೋರಿಸಿದೆ. ಎಲ್ಲರೂ ತಮ್ಮ ತಮ್ಮ ಜೇಬು ಹುಡುಕತೊಡಗಿದರು, ನಾನು ಕೊಡದವರೂ ಸಹ. ಹಿಂದಿನ ಸಾಲಿನಿಂದ ಸಫಾರಿ ಹಾಕಿದ ಹಿರಿಯರೊಬ್ಬರು ಎದ್ದು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಎಣ್ಣೆ ತಾಗುವ ಕಡೆ ನೈಟ್ರೈಲ್ ರಬ್ಬರ್, ಬಿಸಿ ತಾಗುವ ಕಡೆ ಸಿಲಿಕೋನ್. ಸೋವಿ ಅಂತ ಬೇರೆ ಹಾಕಿದರೆ ಸೋರುತ್ತೆ. ಇಲ್ಲಿ ನೀರು ಕುಡಿ."

ನಾನು ವಿಧೇಯನಾಗಿ ಲೋಟ ಎತ್ತಿ ಕುಡಿದೆ. ಹಾಲ್ ನಗುವಿನಲ್ಲಿ ಮುಳುಗಿತು. ಅವರ ಜೊತೆ ನಾನೂ ನಕ್ಕೆ. ಎದೆಯಲ್ಲಿದ್ದ ಪ್ರೆಸ್ ಮಷೀನು ಎಲ್ಲೋ ನಿಂತುಹೋಗಿತ್ತು. ಆಮೇಲೆ ಶೆಡ್ಡಿನಲ್ಲಿ ಹುಡುಗರ ಜೊತೆ ಮಾತಾಡುವ ಹಾಗೆ ಮಾತಾಡಿದೆ, ಐದು ನಿಮಿಷ ಹನ್ನೊಂದಾಯಿತು. ಇಳಿಸಲು ಚೀಟಿ ಕಳಿಸಬೇಕಾಯಿತು.

ಐದನೇ ಕಾರ್ಡು ಮಾತ್ರ ಅಲ್ಲಿ ಸಿಗಲಿಲ್ಲ. ಮೂರು ದಿನ ಬಿಟ್ಟು ಒಂದು ಫೋನ್ ಬಂತು. ವಾಷರ್ ರೇಟು ಕೇಳಿದರು, ಹೇಳಿದೆ. ಅವರು ಸ್ವಲ್ಪ ತಡೆದು, "ಸರಿ ಸಾರ್. ಕಾರ್ಡ್ ಹಿಂದೆ 'ಧನ್ಯವಾದ ಹೇಳಿ ಬೇಗ ಇಳಿ' ಅಂತಿದೆಯಲ್ಲ, ಇದು ನನಗಾ?" ಅಂದರು.